ಜಲಾಶಯದ ಮಟ್ಟ ಮತ್ತು ನಗರದ ನೀರು: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಅಂಶಗಳು

ದಾವಣಗೆರೆ ನಗರಕ್ಕೆ ಕುಡಿಯುವ ನೀರು ಎರಡು ಮಾರ್ಗಗಳಲ್ಲಿ ಬರುತ್ತದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರಾ ನದಿಯಿಂದ ಎತ್ತುವ ನೀರು ಮೊದಲನೆಯದು. ಭದ್ರಾ ನಾಲೆಯಿಂದ ತುಂಬಿಸುವ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳ ನೀರು ಎರಡನೆಯದು. ಹರಿಹರ ನಗರವೂ ತುಂಗಭದ್ರೆಯನ್ನೇ ಅವಲಂಬಿಸಿದೆ. ನದಿಯೂ ನಾಲೆಯೂ ನಗರವನ್ನು ತಲುಪುವ ಮುನ್ನ ಅನೇಕ ಗ್ರಾಮಗಳ ಎಲ್ಲೆಯನ್ನು ಹಾದು ಬರುತ್ತವೆ.

ಮಟ್ಟವನ್ನು ಓದುವ ಬಗೆ

ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿಎಂಸಿ. ಜಲಾಶಯವು ಮೇಲ್ಭಾಗದಲ್ಲಿ ವಿಶಾಲವಾಗಿದ್ದು ಕೆಳಗಿಳಿದಂತೆ ಕಿರಿದಾಗುತ್ತದೆ. ಆದ್ದರಿಂದ ಅರ್ಧ ಎತ್ತರವೆಂದರೆ ಅರ್ಧ ನೀರಲ್ಲ, ಅದಕ್ಕಿಂತ ಬಹಳ ಕಡಿಮೆ. ತಳದ ಸ್ವಲ್ಪ ನೀರು ನಾಲೆಗೆ ಹರಿಯುವುದೂ ಇಲ್ಲ. ದೈನಂದಿನ ವರದಿಯಲ್ಲಿ ಅಡಿಯ ಜೊತೆಗೆ ಸಂಗ್ರಹ, ಒಳಹರಿವು ಮತ್ತು ಹೊರಹರಿವನ್ನೂ ನೋಡತಕ್ಕದ್ದು.

ಬೇಡಿಕೆ ಅಲ್ಪ, ದಾರಿ ದೀರ್ಘ

ಒಂದು ಕ್ಯೂಸೆಕ್ ಹರಿವು ದಿನವೊಂದಕ್ಕೆ ಸುಮಾರು 24.5 ಲಕ್ಷ ಲೀಟರ್ ಆಗುತ್ತದೆ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ತಲಾ 135 ಲೀಟರ್‌ನಂತೆ ಲೆಕ್ಕ ಹಾಕಿದರೆ ಬೇಕಾಗುವುದು ಸುಮಾರು 24 ಕ್ಯೂಸೆಕ್ ಮಾತ್ರ. ವರ್ಷಕ್ಕೆ ಒಂದು ಟಿಎಂಸಿಯೂ ಆಗದು. ಆದರೂ ಬೇಸಿಗೆಯಲ್ಲಿ ಕೊರತೆ ತಲೆದೋರುವುದೇಕೆ? ಬಿಟ್ಟ ನೀರಿನಲ್ಲಿ ಒಂದು ಪಾಲು ದಾರಿಯಲ್ಲೇ ಇಂಗಿ, ಆವಿಯಾಗಿ, ಪಂಪ್‌ಸೆಟ್‌ಗಳ ಪಾಲಾಗುತ್ತದೆ. ಉಳಿದ ನೀರು ಎತ್ತುವ ಮಟ್ಟಕ್ಕೆ ಏರಿದರೆ ಮಾತ್ರ ಉಪಯುಕ್ತ. ನಾಲೆ ನಿಂತ ಮೇಲೆ ಕೆರೆಗಳಲ್ಲಿ ಉಳಿದಷ್ಟೇ ನೀರು. 2023ರ ಬರಗಾಲದಲ್ಲಿ ನಾಲೆಗೆ ನೀರು ಹರಿಸುವ ಅವಧಿಯ ಕುರಿತು ಜಿಲ್ಲೆಯ ರೈತರು ಚಳವಳಿ ನಡೆಸಿದ್ದನ್ನು ಸದಸ್ಯರು ಬಲ್ಲರು. ನಿಂತ ಬೆಳೆ ಮತ್ತು ಕುಡಿಯುವ ನೀರು ಎರಡೂ ಒಂದೇ ಸಂಗ್ರಹವನ್ನು ಆಶ್ರಯಿಸಿವೆ.

ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

1. ಕೆರೆಯಲ್ಲಿ ಅಳತೆಪಟ್ಟಿ ನೆಟ್ಟು, ಪ್ರತಿ ವಾರ ನಿಗದಿತ ದಿನದಂದು ಮಟ್ಟವನ್ನು ವಹಿಯಲ್ಲಿ ದಾಖಲಿಸುವುದು. ಕೊಳವೆಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯುವುದು.

2. ಜಲ ಜೀವನ ಮಿಷನ್‌ನ ಪ್ರಮಾಣ ತಲಾ 55 ಲೀಟರ್. 3,000 ಜನರ ಗ್ರಾಮಕ್ಕೆ ದಿನಕ್ಕೆ 1,65,000 ಲೀಟರ್ ಸಾಕು. ಮೀಟರ್ 2,40,000 ಲೀಟರ್ ತೋರಿಸಿಯೂ ಕೊನೆಯ ಮನೆಗೆ ನೀರು ತಲುಪದಿದ್ದಲ್ಲಿ, ಹೊಸ ಕೊಳವೆಬಾವಿಯ ಪ್ರಸ್ತಾವಕ್ಕೆ ಮುನ್ನ ಸೋರಿಕೆಯನ್ನು ಹುಡುಕುವುದು.

3. ಕುಡಿಯುವ ನೀರಿಗಾಗಿ ನದಿಗೆ ನೀರು ಬಿಡುವ ದಿನಾಂಕವನ್ನು ಡಂಗುರ ಹಾಗೂ ಧ್ವನಿವರ್ಧಕದ ಮೂಲಕ ಮುಂಚಿತವಾಗಿ ತಿಳಿಸುವುದು. ಮುನ್ಸೂಚನೆ ದೊರೆತ ರೈತನು ಬೆಳೆಗೆ ಮೊದಲೇ ನೀರುಣಿಸಿಕೊಳ್ಳಬಲ್ಲನು. ಅನಂತರದ ನಿರ್ಬಂಧವು ಸಂಘರ್ಷಕ್ಕೆ ಎಡೆಮಾಡದು.

ಈ ದಾಖಲೆಗಳನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಓದಿ ಹೇಳುವುದು ಅಪೇಕ್ಷಣೀಯ. ಫೆಬ್ರವರಿಯಲ್ಲೇ ಇಳಿಕೆಯನ್ನು ಗುರುತಿಸಿದ ಪಂಚಾಯಿತಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್‌ಗಾಗಿ ಪರದಾಡುವ ಪ್ರಸಂಗ ವಿರಳ.