ಕ್ರೋಶಾ ಕೆಲಸಕ್ಕೆ ಎಂಥಾ ಚೀಲ ಬೇಕು?



ಹೊಲಿಗೆ ಮಷಿನ್ನು ಮನೆಯಲ್ಲೇ ಇರುತ್ತದೆ. ಕ್ರೋಶಾ ಹಾಗಲ್ಲ, ನಮ್ಮ ಜೊತೆಗೇ ತಿರುಗುತ್ತದೆ. ಟಿ.ಬಿ. ಡ್ಯಾಂನಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ, ಸಂಘದ ಸಭೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೈ ಆಡುತ್ತಲೇ ಇರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಓಡಾಟವೂ ಹೆಚ್ಚಾಗಿದೆ. ಆದರೆ ಇಷ್ಟೆಲ್ಲಾ ತಿರುಗುವ ಕೆಲಸವನ್ನು ಯಾವುದರಲ್ಲಿ ಹಾಕ್ಕೊಂಡು ಹೋಗುತ್ತೇವೆ? ಸೀರೆ ಅಂಗಡಿಯವರು ಕೊಟ್ಟ ತೆಳು ಚೀಲದಲ್ಲಿ, ಇಲ್ಲವೇ ತರಕಾರಿ ತರುವ ವಯರ್ ಬ್ಯಾಗಿನಲ್ಲಿ. "ಚೀಲ ಯಾವುದಾದರೇನು ಸಿಸ್ಟರ್, ಕೆಲಸ ಚಂದ ಇದ್ದರಾಯ್ತು" ಅನ್ನುತ್ತೀರಿ. ಕೆಲಸ ಚಂದ ಉಳಿಯಬೇಕಾದರೆ ಚೀಲವೂ ನೆಟ್ಟಗಿರಬೇಕು.

ನಮ್ಮ ಕಡೆಯ ಮಣ್ಣು ನಿಮಗೆ ಗೊತ್ತೇ ಇದೆ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಹೋದರೆ ಸಾಕು, ಕಿಟಕಿಯಿಂದ ಕೆಂಪು ಧೂಳು ಒಳಗೆ ಬರುತ್ತದೆ. ಅದು ಕಬ್ಬಿಣದ ಧೂಳು, ಬಿಳಿ ಹತ್ತಿ ದಾರದೊಳಗೆ ಸೇರಿದರೆ ಸೋಪಿಗೆ ಸುಲಭವಾಗಿ ಬಿಡುವುದಿಲ್ಲ. ಹದಿನೈದು ದಿನ ಹೆಣೆದ ಟೇಬಲ್ ಕ್ಲಾತ್‌ನ ಮೂಲೆಯಲ್ಲಿ ರೂಪಾಯಿ ಅಗಲದ ಕಲೆ ಇದ್ದರೂ ಕೊಳ್ಳುವವರು ಅರ್ಧ ಬೆಲೆ ಕೇಳುತ್ತಾರೆ. ಆದ್ದರಿಂದ ಮೊದಲ ಮಾತು, ಚೀಲದ ಬಾಯಿ ಮುಚ್ಚುವಂತಿರಬೇಕು. ವಯರ್ ಬ್ಯಾಗು ಗಟ್ಟಿ ನಿಜ, ತೊಳೆಯುವುದಕ್ಕೂ ಸುಲಭ. ಆದರೆ ಅದರ ಸಂದಿಯಿಂದ ಕಡ್ಡಿ ಜಾರುತ್ತದೆ, ಧೂಳು ನುಗ್ಗುತ್ತದೆ.

ಮುಚ್ಚುವುದಕ್ಕೆ ಜಿಪ್ಪು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಜಿಪ್ಪು ಅಷ್ಟು ಮೆಚ್ಚುಗೆಯಿಲ್ಲ. ಅದರ ಹಲ್ಲಿಗೆ ದಾರ ಸಿಕ್ಕಿಕೊಂಡರೆ ಎಳೆಯುವಾಗ ಮೂರು ಸಾಲು ಹೆಣಿಗೆ ಬಿಚ್ಚಿ ಬರುತ್ತದೆ. ಚರ್‍ರನೆ ಕಿತ್ತು ತೆಗೆಯುವ ವೆಲ್ಕ್ರೋ ಅಂತೂ ಬೇಡವೇ ಬೇಡ, ಅದು ಉಲ್ಲನ್ನನ್ನು ಹಿಡಿದುಕೊಂಡು ಎಳೆ ಎಬ್ಬಿಸುತ್ತದೆ. ಬಾಯಿಯ ಮೇಲೆ ಮಡಚಿ ಬರುವ ಒಂದು ಬಟ್ಟೆ, ಅದಕ್ಕೆ ದೊಡ್ಡ ಗುಂಡಿ, ಇದು ಸಾಕು. ಜಿಪ್ಪು ಬೇಕೇ ಬೇಕು ಅನ್ನುವವರು ಅದರ ಒಳಮಗ್ಗುಲಿಗೆ ಒಂದು ಇಂಚು ಬಟ್ಟೆಯ ಪಟ್ಟಿ ಕೊಡಿಸಿ.

ಬಟ್ಟೆ ಕ್ಯಾನ್ವಾಸ್ ಆದರೆ ಒಳ್ಳೆಯದು. ಹಳೆಯ ಜೀನ್ಸ್ ಪ್ಯಾಂಟೂ ನಡೆಯುತ್ತದೆ. ಸೆಣಬಿನ ಚೀಲ ನೋಡಲು ಚಂದ, ಆದರೆ ಅದರ ಜುಂಗು ಒಳಗಿನ ಬಿಳಿ ದಾರಕ್ಕೆ ಅಂಟುತ್ತದೆ. ಒಳಗೆ ಅಸ್ತರು ಹಾಕದೆ ಬಳಸಬೇಡಿ. ಅಸ್ತರಿಗೆ ಹಳೆಯ ನೂಲಿನ ಸೀರೆಯೇ ಸಾಕು. ತಿಳಿಬಣ್ಣದ್ದು ಇರಲಿ, ಒಳಗೆ ಬಿದ್ದ ಕಡ್ಡಿ ಕಣ್ಣಿಗೆ ಕಾಣುತ್ತದೆ. ಹಾಕುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಆ ಬಟ್ಟೆ ಬೇಡ.

ಅಂಗಡಿಯಲ್ಲಿ ಕೊಳ್ಳುವುದಾದರೆ ಚೀಲವನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊರಗಿನ ಹೂವಿಗೆ ಮರುಳಾಗಬೇಡಿ. ಹಿಡಿಕೆ ಸೇರುವ ಜಾಗದಲ್ಲಿ ಒಂದೇ ಗೆರೆ ಹೊಲಿಗೆ ಇದ್ದರೆ ಆರು ತಿಂಗಳು ಬರುವುದಿಲ್ಲ. ಚೌಕಾಕಾರ ಹೊಲಿದು ಒಳಗೆ ಗುಣಾಕಾರದ ಗುರುತಿನಂತೆ ಅಡ್ಡ ಹೊಲಿಗೆ ಇರಬೇಕು. ಇನ್ನೊಂದು ಮಾತು: ಚೀಲ ಕೊಳ್ಳಲು ಸಂಘದ ಸಾಲ ಎತ್ತಬೇಡಿ.

ನಾವೇ ಹೊಲಿದುಕೊಳ್ಳುವುದಾದರೆ 36 ಇಂಚು ಪನ್ನದ ಕ್ಯಾನ್ವಾಸ್ ಒಂದು ಮೀಟರ್ ಸಾಕು. ಪನ್ನದಲ್ಲಿ 20 ಇಂಚು ಅಳೆದು ಉದ್ದಕ್ಕೂ ಕತ್ತರಿಸಿದರೆ ಮೈ ಆಯಿತು. ಅದನ್ನು ಅರ್ಧಕ್ಕೆ ಮಡಚಿ ಎರಡೂ ಬದಿ ಹೊಲಿದು, ಕೆಳಗಿನ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು 4 ಇಂಚು ಅಡ್ಡ ಹೊಲಿಗೆ ಹಾಕಿದರೆ ತಳ ಅಗಲವಾಗಿ ಕೂರುತ್ತದೆ. ಬಾಯಿಯನ್ನು ಒಂದೂವರೆ ಇಂಚು ಮಡಚಿ ಹೊಲಿದರೆ 15 ಇಂಚು ಅಗಲ, 16 ಇಂಚು ಎತ್ತರದ ಚೀಲ ಸಿಗುತ್ತದೆ. ಉಳಿದ 16 ಇಂಚು ಪನ್ನದಲ್ಲಿ 5 ಇಂಚಿನ ಎರಡು ಪಟ್ಟಿ ಹಿಡಿಕೆಗೆ, ಮಿಕ್ಕ 6 ಇಂಚು ಜೇಬುಗಳಿಗೆ ಮತ್ತು ಬಾಯಿ ಮುಚ್ಚುವ ಬಟ್ಟೆಗೆ. ಹಿಡಿಕೆಯ ಪಟ್ಟಿಯನ್ನು ನಾಲ್ಕು ಪದರ ಮಡಚಿ ಹೊಲಿಯಿರಿ. ಸಣ್ಣ ದಾರದಂಥ ಹಿಡಿಕೆ ಹೆಗಲು ಕೊರೆಯುತ್ತದೆ. ಇದಕ್ಕಿಂತ ದೊಡ್ಡ ಚೀಲ ಬೇಡ, ಜಾಗ ಇದ್ದರೆ ಟೊಮೆಟೊನೂ ಅದರಲ್ಲೇ ಹೋಗುತ್ತದೆ.

ಕಡ್ಡಿಗಳಿಗೆ ನಮ್ಮ ಅಜ್ಜಿಯರ ಎಲೆ-ಅಡಿಕೆ ಸಂಚಿ ನೆನಪು ಮಾಡಿಕೊಳ್ಳಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅರೆ, ಎಳೆದರೆ ಬಾಯಿ ಮುಚ್ಚುವ ದಾರ. ಅಂಥದ್ದೇ ಒಂದನ್ನು ಹೊಲಿದು ಕಡ್ಡಿ, ಸಣ್ಣ ಕತ್ತರಿ, ಟೇಪು ಇಟ್ಟು ದೊಡ್ಡ ಚೀಲದೊಳಗೆ ಹಾಕಿ. ಕಡ್ಡಿ ಬಿಡಿಯಾಗಿದ್ದರೆ ತಳ ತೂತಾಗುತ್ತದೆ, ಹೆಣಿಗೆಯೂ ಹರಿಯುತ್ತದೆ. ದಾರದ ಉಂಡೆಯ ಲೇಬಲ್ಲನ್ನೂ ಅಲ್ಲೇ ಇಡಿ. ಅದರಲ್ಲಿ ಬಣ್ಣದ ನಂಬರ್ ಇರುತ್ತದೆ, ದಾರ ಸಾಲದೆ ಬಂದಾಗ ಅದೇ ಬಣ್ಣ ಕೇಳಿ ತರಬಹುದು.

ಇನ್ನೊಂದು ಜೇಬು ನನ್ನ ಒತ್ತಾಯಕ್ಕೆ ಇರಲಿ. ಸಣ್ಣ ನೋಟ್‌ಬುಕ್ಕು, ಪೆನ್ನು ಹಿಡಿಯುವಷ್ಟು. ಏಕೆಂದರೆ ಆಂಧ್ರದ ನರಸಾಪುರದಲ್ಲಿ ಮಿಷನರಿಗಳಿಂದ ಕಲಿತ ಕ್ರೋಶಾ ಲೇಸಿನ ಕೆಲಸ ಬಹಳ ಕಾಲದಿಂದ ಇದೆ. 2024ರಲ್ಲಿ ಅದಕ್ಕೆ ಜಿ.ಐ. ಟ್ಯಾಗ್ ಕೂಡ ಸಿಕ್ಕಿತು. ಅಲ್ಲಿನ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಪುಸ್ತಕ ಬರೆದರು. ದಿನವಿಡೀ ಹೆಣೆದರೂ ಅವರನ್ನು ಕೆಲಸಗಾರರು ಅಂತ ಯಾರೂ ಎಣಿಸಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಅಂದರು, ಕೂಲಿಯೂ ಅಷ್ಟಕ್ಕಷ್ಟೇ. ಲೇಸು ವಿದೇಶಕ್ಕೆ ಹೋಯಿತು, ಲಾಭ ವ್ಯಾಪಾರಿಗಳಿಗೆ ಹೋಯಿತು. ನಮ್ಮದೂ ಅದೇ ಕಥೆ ಆಗಬಾರದಲ್ಲ? ಬಸ್ಸಿನಲ್ಲಿ ಅರ್ಧ ಗಂಟೆ, ಸಾಲಿನಲ್ಲಿ ಒಂದು ಗಂಟೆ ಹೆಣೆದದ್ದನ್ನು ಅಲ್ಲೇ ಬರೆಯಿರಿ, ಎಷ್ಟು ಉಂಡೆ ಹಿಡಿಯಿತು ಅನ್ನುವುದನ್ನೂ ಬರೆಯಿರಿ. ಓದು ಬಾರದವರು ಗೆರೆ ಎಳೆದರೂ ಆದೀತು. "ಎಷ್ಟಕ್ಕೆ ಕೊಡ್ತೀಯಮ್ಮಾ" ಅಂದಾಗ ಬಾಯಿಗೆ ಬಂದ ರೇಟು ಹೇಳುವ ಬದಲು ಪುಟ ತೆಗೆದು ನೋಡಬಹುದು.

ಈ ಚೀಲವನ್ನೇ ಮಾರಿದರೆ ಹೇಗೆ ಎಂಬ ಪ್ರಶ್ನೆಯೂ ಬರುತ್ತದೆ. ಹಂಪಿಗೆ ಬರುವವರು ಬಟ್ಟೆಯ ಚೀಲ ಕೊಳ್ಳುತ್ತಾರೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆದರೆ ಸಂಡೂರು ಲಂಬಾಣಿ ಕಸೂತಿಗೂ ಜಿ.ಐ. ರಕ್ಷಣೆ ಇದೆ. ಕನ್ನಡಿ ಬಿಲ್ಲೆ ಅಂಟಿಸಿ "ಸಂಡೂರು ಲಂಬಾಣಿ" ಅಂತ ಮಾರುವುದು ಆ ಅಕ್ಕಂದಿರ ಹೊಟ್ಟೆಯ ಮೇಲೆ ಹೊಡೆದಂತೆ. ನಮ್ಮ ಕ್ರೋಶಾ ಅಂಚನ್ನೇ ಹಾಕಿ, ನಮ್ಮ ಸಂಘದ ಹೆಸರಲ್ಲೇ ಮಾರೋಣ.

ಅದಕ್ಕೂ ಮುಂಚೆ ಪ್ರತಿ ಸಂಘದಲ್ಲೂ ಒಂದೇ ಚೀಲ ಹೊಲಿಯಿರಿ. ಹದಿನೈದು ದಿನ ಒಬ್ಬರು ಬಸ್ಸಿನಲ್ಲಿ, ಸಂತೆಯಲ್ಲಿ ತಿರುಗಾಡಿಸಿ, ಎರಡು ಸಲ ಒಗೆದು ಮುಂದಿನ ಸಭೆಗೆ ತರಲಿ. ಹಿಡಿಕೆ ಎಳೆದು, ಒಳಮಗ್ಗುಲು ತಿರುಗಿಸಿ ಎಲ್ಲರೂ ನೋಡಿದ ಮೇಲೆ ಉಳಿದ ಬಟ್ಟೆಗೆ ಕತ್ತರಿ ಹಾಕಿ.