ತೋಳಿಗೆ ಸಿಗದ ಬಿ.ಪಿ.

ಬಿ.ಪಿ. ಅಂದರೆ ನಮಗೆಲ್ಲ ಗೊತ್ತು. ಆಸ್ಪತ್ರೆಗೆ ಹೋದರೆ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತುತ್ತಾರೆ. ಗಾಳಿ ತುಂಬುತ್ತಾರೆ. 120/80 ಬಂದರೆ "ಸರಿ ಇದೆ, ಹೋಗಮ್ಮಾ" ಅನ್ನುತ್ತಾರೆ. ಆದರೆ ನಮ್ಮ ಮೈಯಲ್ಲಿ ಇನ್ನೊಂದು ಬಿ.ಪಿ. ಇದೆ. ಅದು ಶ್ವಾಸಕೋಶದ ರಕ್ತನಾಳಗಳ ಬಿ.ಪಿ. ತೋಳಿನ ಪಟ್ಟಿಗೆ ಅದು ಸಿಗುವುದಿಲ್ಲ.

ಹೃದಯಕ್ಕೆ ಎರಡು ಪಾಲು. ಎಡಪಾಲು ಇಡೀ ಮೈಗೆ ರಕ್ತ ಕಳಿಸುತ್ತದೆ. ತಲೆಗೂ ಬೇಕು, ಕಾಲಿನ ಬೆರಳಿಗೂ ಬೇಕು. ಅದಕ್ಕೆ ಜೋರು ಒತ್ತಡ ಬೇಕು. ಬಲಪಾಲು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ಕಳಿಸುತ್ತದೆ. ಪಕ್ಕದ ಮನೆಗೆ ಮಜ್ಜಿಗೆ ಕೊಟ್ಟು ಬಂದ ಹಾಗೆ, ಹೆಚ್ಚು ಶ್ರಮವಿಲ್ಲ. ಹಾಗಾಗಿ ಬಲಪಾಲಿನ ಗೋಡೆ ತೆಳು. ಮೈಯ ಸರಾಸರಿ ಒತ್ತಡ 90ರ ಆಸುಪಾಸು. ಶ್ವಾಸಕೋಶದ್ದು 20 ದಾಟಬಾರದು.

ಶ್ವಾಸಕೋಶದ ಸಣ್ಣ ನಾಳಗಳು ಬಿಗಿಯಾದರೆ, ಕಟ್ಟಿಕೊಂಡರೆ ಏನಾಗುತ್ತೆ? ನೀರಿನ ಪೈಪನ್ನು ಅದುಮಿ ನೋಡಿ. ಹಿಂದೆ ಒತ್ತಡ ಏರುತ್ತದೆ. ಹಾಗೆಯೇ ಇಲ್ಲಿಯೂ. ತೆಳು ಗೋಡೆಯ ಬಲಪಾಲು ಹಗಲೂ ರಾತ್ರಿ ತಿಣುಕಬೇಕು. ಕೊನೆಗೆ ಹಿಗ್ಗಿ ಸೋಲುತ್ತದೆ.

ಮೊದಲು ಏದುಸಿರು ಬರುತ್ತದೆ. ಕೊಡ ಹೊತ್ತರೆ, ಏರು ಹತ್ತಿದರೆ ಉಸಿರು ಸಾಲದು. ಆಮೇಲೆ ಕಾಲು ಊದುತ್ತದೆ. ಎದೆ ನೋಯುತ್ತದೆ. ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು. ನಾವೋ, "ವಯಸ್ಸಾಯ್ತು" ಅಂದುಕೊಂಡು ಸುಮ್ಮನಿರುತ್ತೇವೆ. ಮನೆಯವರು "ಕೆಲಸ ತಪ್ಪಿಸ್ತಾಳೆ" ಅಂತಾರೆ. ರಕ್ತ ಕಡಿಮೆಯಾದರೂ ಏದುಸಿರು ಬರುತ್ತದೆ, ಅದು ನಿಜ. ಆದರೆ ಕಬ್ಬಿಣದ ಮಾತ್ರೆ ನುಂಗಿ ರಕ್ತ ಸರಿಯಾದ ಮೇಲೂ ಉಸಿರು ಸಾಲದಿದ್ದರೆ ಬೇರೆ ಕಾರಣ ಹುಡುಕಲೇಬೇಕು.

ಕಾರಣ ಹಲವು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಜ್ವರ, ಕೀಲು ಊತ ಬಂದಿತ್ತೇ? ಆ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಬಹುದು. ಕವಾಟ ಕಿರಿದಾದರೆ ರಕ್ತ ಮುಂದೆ ಹೋಗದೆ ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಹುಟ್ಟಿನಿಂದ ಹೃದಯದಲ್ಲಿ ತೂತು ಇದ್ದವರಿಗೂ ಇದು ಬರಬಹುದು. ಇನ್ನು ನಮ್ಮ ಒಲೆ. ವರ್ಷಗಟ್ಟಲೆ ಸೌದೆಯ ಹೊಗೆ ಕುಡಿದರೆ, ಬೀಡಿ ಮುಟ್ಟದ ಹೆಂಗಸಿಗೂ ಶ್ವಾಸಕೋಶ ಕೆಡುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಶುರುವಾಗಿ ಬಹಳ ಮನೆಗಳಿಗೆ ಗ್ಯಾಸ್ ಬಂತು. ಆದರೂ ಸ್ನಾನದ ನೀರಿಗೆ ಎಷ್ಟೋ ಕಡೆ ಸೌದೆಯೇ! ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಅಂಥ ಬಗೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಪತ್ತೆಗೆ ಎಕೋ ಎಂಬ ಪರೀಕ್ಷೆ ಇದೆ. ಬಸುರಿಯ ಹೊಟ್ಟೆ ಸ್ಕ್ಯಾನ್ ಮಾಡಿದ ಹಾಗೆಯೇ. ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಒತ್ತಡ ಹೆಚ್ಚು ಅಂತ ಕಂಡರೆ ಮುಂದಿನ ಪರೀಕ್ಷೆ ಹೇಳುತ್ತಾರೆ. ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ.

ಕಾರಣ ನೋಡಿ ಚಿಕಿತ್ಸೆ. ಕವಾಟ ಕಿರಿದಾಗಿದ್ದರೆ ಬಲೂನಿನಿಂದ ಅಗಲ ಮಾಡಬಹುದು. ಕೆಲವರಿಗೆ ನಾಳ ಸಡಿಲಿಸುವ ಮಾತ್ರೆ, ಕೆಲವರಿಗೆ ಆಮ್ಲಜನಕ. ಊತ ಇಳಿಯಿತು ಅಂತ ಮಾತ್ರೆ ಬಿಡಬಾರದು.

ಈ ಕಾಯಿಲೆ ಇದ್ದವರಿಗೆ ಬಸಿರು ಜೀವಕ್ಕೇ ಅಪಾಯ. ಬಸುರಿಯಲ್ಲಿ ರಕ್ತ ಹೆಚ್ಚುತ್ತದೆ, ಸೋತ ಬಲಪಾಲು ಅದನ್ನು ತಡೆಯಲಾರದು. ಹೆರಿಗೆಯಾದ ಮೇಲಿನ ದಿನಗಳಲ್ಲೂ ಅಪಾಯವಿದೆ. ಆದ್ದರಿಂದ ಸೊಸೆಗೋ ಮಗಳಿಗೋ ಇಂಥ ಏದುಸಿರು ಇದ್ದರೆ, "ಮದುವೆಯಾಗಿ ವರ್ಷವಾಯ್ತು, ಇನ್ನೂ ಮಗು ಇಲ್ಲವೇ?" ಅಂತ ಕೇಳುವ ಮೊದಲು ಎಕೋ ಮಾಡಿಸೋಣ.