ಗಲ್ಲಾದ ಕಂಪ್ಯೂಟರಿಗೊಂದು ಅವಳಿ

ಸಂಜೆ ಏಳರಿಂದ ಹತ್ತರ ತನಕ ಶಿವಾಜಿನಗರದ ನಮ್ಮ ಹೊಟೇಲುಗಳಲ್ಲಿ ಗಲ್ಲಾದ ಮೇಲೆ ಕೂತವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆ, ಜಂಗ್ಲಿ ಮಹಾರಾಜ್ ರಸ್ತೆಯ ಮಾಲಕ ಬಂಧುಗಳಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಆ ಹೊತ್ತಿಗೇ ಬಿಲ್ಲಿನ ಸರ್ವರ್ ಕೈಕೊಟ್ಟರೆ? ಅಡುಗೆಮನೆಗೆ ಆರ್ಡರ್ ಚೀಟಿ ಹೋಗದು, ಕೈಬರಹದ ಬಿಲ್ಲಿಗೆ ಪುಸ್ತಕ ಹುಡುಕಬೇಕು.

ನಮ್ಮಲ್ಲಿ ಎಷ್ಟೋ ಕಡೆ ಈ ಸರ್ವರ್ ಎಂಬುದು ವಿಂಡೋಸ್ 7ರ ಹಳೇ ಪೆಟ್ಟಿಗೆ. ಅದಕ್ಕೆ ಮೈಕ್ರೋಸಾಫ್ಟಿನ ಆಸರೆ 2020ರ ಜನವರಿ 14ಕ್ಕೇ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೊಸ ಕಂಪ್ಯೂಟರ್ ತಂದರೆ ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನ ಸಿ.ಡಿ. ಸಿಗದು, ಹಾಕಿಕೊಟ್ಟವರೂ ಸಿಗರು. ಬರೀ ಲೆಕ್ಕದ ಫೈಲು ನಕಲು ಮಾಡಿದರೆ ಮೆನು ಕಾರ್ಡು ತಂದು ಭಟ್ಟರನ್ನು ಬಿಟ್ಟು ಬಂದ ಹಾಗೆ. ಆದ್ದರಿಂದ ಇಡೀ ಡಿಸ್ಕನ್ನೇ ಕ್ಲೋನ್ ಮಾಡಿ, ಹೊಸ ಕಂಪ್ಯೂಟರಿನ ಒಳಗೆ ವರ್ಚುವಲ್ ಮೆಷಿನ್ ಆಗಿ, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರಾಗಿ, ನಡೆಸುವುದು ಸುಲಭದ ದಾರಿ.

ರಾತ್ರಿ ಲೆಕ್ಕ ಮುಗಿಸಿ ಬಿಲ್ಲಿಂಗ್ ಸಾಫ್ಟ್‌ವೇರ್ ಪೂರ್ತಿ ನಿಲ್ಲಿಸಿ. ಮೈಕ್ರೋಸಾಫ್ಟಿನದೇ ಡಿಸ್ಕ್‌ಟುವಿಎಚ್‌ಡಿ ಎಂಬ ಉಚಿತ ಉಪಕರಣ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಹೊರಗಿನ ಡಿಸ್ಕಿಗೆ ಬರೆಯುತ್ತದೆ. ಹೊಸ ಕಂಪ್ಯೂಟರಿನ ಹೈಪರ್-ವಿ ಆ ಫೈಲನ್ನೇ ಡಿಸ್ಕೆಂದು ನಂಬಿ ನಡೆಸುತ್ತದೆ. ಇದು ವಿಂಡೋಸ್ ಪ್ರೊದಲ್ಲಿದೆ, ಹೋಮ್‌ನಲ್ಲಿಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ. ಹಳೇ ಬಯಾಸ್ ಪದ್ಧತಿಯ ಡಿಸ್ಕಾದರೆ 'ಜನರೇಶನ್ 1' ಆರಿಸಬೇಕು. ಇಲ್ಲವಾದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಡಿಸ್ಕೇ ಕೆಟ್ಟಿತೆಂದು ಗಾಬರಿಯಾಗುತ್ತೀರಿ.

ನಿಜವಾದ ಪೇಚು ಆಮೇಲೆ. ಅವಳಿಗೆ ಹೆಸರೂ ಅದೇ, ಮುಂದಿನ ಬಿಲ್ ನಂಬರೂ ಅದೇ. ನಾನು ಆತುರದಲ್ಲಿ ಹಳತನ್ನು ಬಂದ್ ಮಾಡದೆ ಹೊಸದನ್ನೂ ಚಾಲೂ ಮಾಡಿಬಿಟ್ಟೆ. ಒಂದೇ ನಂಬರಿನ ಬಿಲ್ಲು ಎರಡು ಟೇಬಲ್ಲಿಗೆ ಹೋಗಿತ್ತು! ಲೆಕ್ಕಪತ್ರದವರ ಬೈಗುಳ ಇನ್ನೂ ಕಿವಿಯಲ್ಲಿದೆ. ಅವರ ಸಿಟ್ಟು ಸುಮ್ಮನೆ ಅಲ್ಲ: ಜಿ.ಎಸ್.ಟಿ.ಯ 46ನೇ ನಿಯಮದಂತೆ ಬಿಲ್ ನಂಬರು ಕ್ರಮವಾಗಿರಬೇಕು, ಹದಿನಾರು ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. ಆದ್ದರಿಂದ ಅವಳಿಯನ್ನು ಮೊದಲು ನೆಟ್‌ವರ್ಕ್ ಇಲ್ಲದೆ ಎಬ್ಬಿಸಿ, ನಿನ್ನೆಯ ಕೊನೇ ಬಿಲ್ಲನ್ನು ತಾಳೆ ನೋಡಿ. ಹಳೇ ಪೆಟ್ಟಿಗೆಯ ಕೇಬಲ್ ಕಿತ್ತ ಮೇಲೆಯೇ ಹೊಸತಕ್ಕೆ ಸಂಪರ್ಕ. ಎರಡನೇ ಶಾಖೆಗೆ ಅದೇ ಕ್ಲೋನ್ ಬಳಸುವುದಾದರೆ ಹೆಸರು, ವಿಳಾಸದ ಜತೆಗೆ ಬಿಲ್ಲಿಗೂ ಬೇರೆ ಅಕ್ಷರದ ಸರಣಿ ಕೊಡಿ. ಒಂದಕ್ಕಿಂತ ಹೆಚ್ಚು ಸರಣಿಗೆ ನಿಯಮದಲ್ಲೇ ಅವಕಾಶವಿದೆ.

ಸಾಫ್ಟ್‌ವೇರಿಗೆ ಯು.ಎಸ್.ಬಿ. ಡಾಂಗಲ್ ಇದ್ದರೆ ಹೈಪರ್-ವಿ ಅದನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ವರ್ಚುವಲ್‌ಬಾಕ್ಸ್ ಬಿಟ್ಟುಕೊಳ್ಳುತ್ತದೆ. ಬಿಲ್ ಪ್ರಿಂಟರಿಗೂ ಇದೇ ಕಥೆ, ನೆಟ್‌ವರ್ಕ್ ಪ್ರಿಂಟರಾದರೆ ತಲೆನೋವಿಲ್ಲ. ಕಂಪ್ಯೂಟರಿನ ಜತೆಗೇ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಆ ಪೆಟ್ಟಿಗೆಗೇ ಅಂಟಿಕೊಂಡದ್ದು. ವರ್ಚುವಲ್ ಮೆಷಿನ್ನಿಗೆ ಬೇರೆ ಲೈಸೆನ್ಸಿನ ಖರ್ಚು ಹಿಡಿದುಕೊಳ್ಳಿ. ಒಳಗಿರುವುದು ಹಳೇ ವಿಂಡೋಸೇ ಆದ್ದರಿಂದ ಅದಕ್ಕೆ ಇಂಟರ್ನೆಟ್ ಕೊಡಬೇಡಿ.

ಹಳೇ ಡಿಸ್ಕನ್ನು ಗುಜರಿಗೆ ಹಾಕಲೂ ಬೇಡಿ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕೆಂದು ಜಿ.ಎಸ್.ಟಿ. ಕಾಯಿದೆಯೇ ಹೇಳುತ್ತದೆ. ಕ್ಲೋನ್ ಇರುವ ಹೊರಗಿನ ಡಿಸ್ಕನ್ನು ಗಲ್ಲಾದ ಡ್ರಾಯರಿನಲ್ಲಿ ಬಿಡದೆ ಮನೆಗೆ ಒಯ್ಯಿರಿ.